ಟೆರೇಸಿನ ಸಿಗಡಿ ಮತ್ತು ನನ್ನ ಬಾಯಿ

ಡೊಂಬಿವಲಿಯಲ್ಲಿ ‘ಏನೂ ಆಗುವುದಿಲ್ಲ’ ಎಂಬ ಮಾತನ್ನು ನಾನು ನಾಲ್ಕು ಬಗೆಯಲ್ಲಿ ಕೇಳಿದ್ದೇನೆ. ನಮ್ಮ ಕರಾವಳಿಯವರು ‘ಎಂತ ಆಗುದಿಲ್ಲ ಮಾರಾಯ್ರೆ’ ಎನ್ನುತ್ತಾರೆ, ವಿಜಯಪುರದವರು ‘ಏನೂ ಆಗಂಗಿಲ್ರಿ’ ಎನ್ನುತ್ತಾರೆ, ನಮ್ಮ ಹೌಸಿಂಗ್ ಸೊಸೈಟಿಯ ಮರಾಠಿ ಚೇರ್ಮನ್ನರು ‘ಕಾಹೀ ಹೋತ್ ನಾಹೀ’ ಎನ್ನುತ್ತಾರೆ, ವಾಚ್‌ಮನ್ ‘ಕುಛ್ ನಹೀಂ ಹೋತಾ ಸಾಬ್’ ಎನ್ನುತ್ತಾನೆ. ಇವುಗಳಲ್ಲಿ ಯಾವುದು ಕಿವಿಗೆ ಬಿದ್ದರೂ ನಾನು ಮೊದಲು ನೀರಿನ ಬಕೆಟ್ ಎಲ್ಲಿದೆ ಎಂದು ನೋಡುತ್ತೇನೆ. ಆ ಮಾತು ಹೇಳಿ ಮುಗಿಸಿದ ಸ್ವಲ್ಪ ಹೊತ್ತಿಗೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಇಷ್ಟು ವರ್ಷದಲ್ಲಿ ಇದು ತಪ್ಪಿದ್ದನ್ನು ನಾನು ಕಂಡಿಲ್ಲ.

ನಾನು ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಸೇಫ್ಟಿ ಸೂಪರ್‌ವೈಸರ್ ಆಗಿದ್ದು ನಿವೃತ್ತನಾದವನು. ನಾಲ್ಕು ಜನ ನಗುತ್ತ ನಿಂತಲ್ಲಿ ಯಾರ ಬಟ್ಟೆ ಬೇಗ ಹೊತ್ತಿಕೊಳ್ಳುತ್ತದೆ ಎಂದು ನೋಡುವುದು ನನ್ನ ಕಸುಬು ಅಂಟಿಸಿದ ರೋಗ. ಕಾರ್ಖಾನೆಯಲ್ಲಿ ನನ್ನ ಮಾತು ಕೇಳುವುದಕ್ಕೆಂದೇ ಜನರಿಗೆ ಸಂಬಳ ಕೊಡುತ್ತಿದ್ದರು. ಬಿಲ್ಡಿಂಗಿನಲ್ಲಿ ಯಾರಿಗೂ ಆ ಸಂಬಳವಿಲ್ಲ, ಹಾಗಾಗಿ ಯಾರೂ ಕೇಳುತ್ತಿರಲಿಲ್ಲ.

ಈ ಪ್ರಸಂಗಗಳನ್ನೆಲ್ಲ ನನಗಿಂತ ಚೆನ್ನಾಗಿ ಹೇಳುತ್ತಿದ್ದವಳು ನನ್ನ ಹೆಂಡತಿ. ಅವಳು ತೀರಿಹೋಗಿ ವರ್ಷ ದಾಟಿತು. ಈಗ ಹೇಳುವವನು ನಾನೊಬ್ಬನೇ ಉಳಿದಿದ್ದೇನೆ. ನನಗೆ ಜನರನ್ನು ಹೆದರಿಸಿ ಗೊತ್ತೇ ಹೊರತು ನಗಿಸಿ ಗೊತ್ತಿಲ್ಲ. ಎಲ್ಲಿ ನಗಬೇಕೋ ಅಲ್ಲಿ ನೀವೇ ನಕ್ಕುಬಿಡಿ.

ಹೊರಗೆ ಎಂದರೆ ಎಲ್ಲಿ

ನಮ್ಮದು ಐದನೇ ಮಹಡಿ, ಮೇಲೆ ಟೆರೇಸ್. ಎದುರು ಮನೆಯವರು ಉಡುಪಿ ಕಡೆಯವರು. ಪಕ್ಕದ ಕಲ್ಯಾಣದ ಸ್ಟೇಷನ್ ಹತ್ತಿರ ಬಹಳ ವರ್ಷ ಹೊಟೇಲ್ ನಡೆಸಿ, ಈಗ ಅದನ್ನು ತಮ್ಮನಿಗೆ ಬಿಟ್ಟು ಮನೆಯಲ್ಲಿದ್ದಾರೆ. ಹೊಟೇಲ್ ಹೋದರೂ ‘ಧನಿಗಳು’ ಎಂಬ ಹೆಸರು ಅವರನ್ನು ಬಿಡಲಿಲ್ಲ. ಅವರ ಹೆಂಡತಿಯನ್ನು ನನ್ನ ಹೆಂಡತಿ ‘ಅಕ್ಕ’ ಎನ್ನುತ್ತಿದ್ದಳು. ಇಬ್ಬರೂ ದಿನಕ್ಕೆ ಹತ್ತು ಸಲ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಬಟ್ಟಲು ದಾಟಿಸುವವರು. ನಮಗೆ ಮಕ್ಕಳಿಲ್ಲ. ಆ ಬಟ್ಟಲುಗಳ ಓಡಾಟವೇ ಅವಳ ಸಂಸಾರದ ಅರ್ಧ ಭಾಗ.

ಧನಿಗಳು ಒಂದು ದಿನ ಇದ್ದಿಲಿನ ಸಿಗಡಿ ತಂದರು, ಕಬ್ಬಿಣದ ಉದ್ದ ಪೆಟ್ಟಿಗೆಗೆ ನಾಲ್ಕು ಕಾಲು ಇರುವಂಥದ್ದು. ಅದರ ಜೊತೆ ಬಂದ ಚೀಟಿಯಲ್ಲಿ ‘ಹೊರಗೆ ಮಾತ್ರ ಬಳಸಿ, ಮನೆಯಿಂದ ಹತ್ತು ಅಡಿ ದೂರವಿರಲಿ’ ಎಂದಿತ್ತು. ಡೊಂಬಿವಲಿಯಲ್ಲಿ ಯಾವ ಮನೆಯಿಂದ ಹತ್ತು ಅಡಿ ದೂರ ಹೋದರೂ ಇನ್ನೊಬ್ಬರ ಅಡುಗೆಮನೆಯೇ ಸಿಗುತ್ತದೆ. ಧನಿಗಳು ಯೋಚಿಸಿ, ಬಿಲ್ಡರ್ ಮನೆ ಮಾರುವಾಗ ಬಾಲ್ಕನಿಯನ್ನು ‘ಓಪನ್’ ಎಂದೇ ಹೇಳಿದ್ದ, ಆದ್ದರಿಂದ ಬಾಲ್ಕನಿ ಹೊರಗೇ ಎಂದು ತೀರ್ಮಾನಿಸಿದರು. ಆ ಬಾಲ್ಕನಿಗೆ ಅವರೇ ಮೂರು ಕಡೆ ಸ್ಲೈಡಿಂಗ್ ಗಾಜು ಹಾಕಿಸಿ, ಒಳಗೆ ಸೋಫಾ ಇಟ್ಟಿದ್ದರು. ಅದು ಮಳೆಗಾಲದ ಭಾನುವಾರ, ಎರಚಲು ಬರುತ್ತದೆಂದು ಗಾಜುಗಳನ್ನೆಲ್ಲ ಎಳೆದು ಮುಚ್ಚಿದ್ದರು.

ನಾನು ಬಾಗಿಲಲ್ಲೇ ನಿಂತೆ. ಕೆಂಡದಿಂದ ಬರುವ ಒಂದು ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮುಚ್ಚಿದ ಜಾಗದಲ್ಲಿ ಮೊದಲು ತಲೆನೋವು, ಆಮೇಲೆ ನಿದ್ದೆ, ಆ ನಿದ್ದೆಯಿಂದ ಏಳುವುದಿಲ್ಲ ಎಂದು ವಿವರಿಸಿದೆ. ನನ್ನ ಹೆಂಡತಿ ಆಗಲೇ ಒಳಗೆ ಹೋಗಿ ಸೋಫಾದಲ್ಲಿ ಕೂತು ಬಂಗುಡೆಗೆ ಮಸಾಲೆ ಸವರುತ್ತಿದ್ದಳು. ಧನಿಗಳು ‘ಎಂತ ಆಗುದಿಲ್ಲ ಮಾರಾಯ್ರೆ’ ಎಂದರು.

ಸ್ವಲ್ಪ ಹೊತ್ತಿಗೆ ಅಕ್ಕನಿಗೆ ತಲೆ ಭಾರವಾಯಿತು. ಧನಿಗಳು ಕೂತಲ್ಲೇ ಆಕಳಿಸಿದರು. ನನ್ನ ಹೆಂಡತಿ ಹಣೆ ಒತ್ತಿಕೊಂಡಳು. ನಾನು ಒಳಗೆ ನುಗ್ಗಿ ಗಾಜು ಸರಿಸಲು ನೋಡಿದೆ. ಚಿಲಕ ತುಕ್ಕು ಹಿಡಿದು ಕೂತಿತ್ತು. ಅಷ್ಟರಲ್ಲಿ ಅಕ್ಕ ಕಾರಣ ಕಂಡುಹಿಡಿದಿದ್ದರು. ಇಡೀ ಬಿಲ್ಡಿಂಗಿಗೆ ಮೀನಿನ ಪರಿಮಳ ಹೋಗಿದೆ, ಎಲ್ಲರ ಕಣ್ಣೂ ಬಿದ್ದಿದೆ, ಇದು ದೃಷ್ಟಿಯೇ. ಅವರು ಎದ್ದು ಒಣಮೆಣಸು, ಉಪ್ಪು, ಸಾಸಿವೆ ತಂದು ಎಲ್ಲರ ತಲೆಗೂ ನೀವಾಳಿಸಿ, ಹತ್ತಿರದಲ್ಲಿ ಬೇರೆ ಕೆಂಡವಿಲ್ಲದ್ದರಿಂದ ಆ ಸಿಗಡಿಗೇ ಹಾಕಿದರು.

ಮುಚ್ಚಿದ ಬಾಲ್ಕನಿಯಲ್ಲಿ ಒಂದು ಹಿಡಿ ಬ್ಯಾಡಗಿ ಮೆಣಸು ಕೆಂಡಕ್ಕೆ ಬಿದ್ದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಕೆಮ್ಮುತ್ತ, ಸೀನುತ್ತ, ಕಣ್ಣು ಬಿಡಲಾಗದೆ ಎಲ್ಲರೂ ಒಟ್ಟಿಗೆ ಓಡಿ ಮೆಟ್ಟಿಲ ಮೇಲೆ ಬಂದು ಬಿದ್ದರು. ನನ್ನ ಭಾಷಣದಿಂದ ಆಗದ್ದು ಮೆಣಸಿನ ಘಾಟಿನಿಂದ ಆಯಿತು. ಮೆಟ್ಟಿಲ ಗಾಳಿಗೆ ಕೂತ ಸ್ವಲ್ಪ ಹೊತ್ತಿಗೆ ತಲೆನೋವು ಇಳಿಯಿತು. ಇಳಿದದ್ದರಿಂದ ಅದು ದೃಷ್ಟಿಯೇ ಎಂದು ಸಾಬೀತೂ ಆಯಿತು.

ಯಾರ ದೃಷ್ಟಿ ಎಂಬುದು ಮಾತ್ರ ಉಳಿದಿತ್ತು. ಅಕ್ಕ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಹೆಂಡತಿಯೇ ಮೂಗು ಒರೆಸಿಕೊಳ್ಳುತ್ತ ನನ್ನ ಕಡೆ ಕೈ ತೋರಿಸಿ, ‘ಬೇರೆ ಯಾರದ್ದು ಅಕ್ಕ? ಇವರು ಆಗಿನಿಂದ ಬಾಗಿಲಲ್ಲಿ ನಿಂತು ನೋಡ್ತಾ ಇದ್ದದ್ದಲ್ವಾ’ ಎಂದಳು.

ಗ್ರಿಲ್ಲಿಗೆ ಪೂಜೆ

ಇದ್ದಿಲಿನ ಸಹವಾಸ ಸಾಕೆಂದು ಧನಿಗಳು ಗ್ಯಾಸ್ ಗ್ರಿಲ್ ತರಿಸಿದರು. ದೊಡ್ಡ ಮುಚ್ಚಳ, ಚಕ್ರ, ಪಕ್ಕದಲ್ಲಿ ಸಿಲಿಂಡರ್. ನೋಡಲು ಸಣ್ಣ ವಾಹನದ ಹಾಗಿತ್ತು. ವಾಹನದ ಹಾಗೆ ಇದ್ದಮೇಲೆ ಪೂಜೆಯಾಗದೆ ಹೊರಡಿಸುವುದು ಹೇಗೆ? ಟೆರೇಸಿನಲ್ಲಿ ನೀರಿನ ಟಾಂಕಿಯ ಪಕ್ಕ ಅದನ್ನು ನಿಲ್ಲಿಸಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು, ಹಿಡಿಕೆಗೆ ನಿಂಬೆ ಮೆಣಸಿನಕಾಯಿ ಪೋಣಿಸಿ ಕಟ್ಟಿದರು. ಮುಚ್ಚಳದ ಮೇಲೆ ಕುಂಕುಮ, ಅದರ ಮೇಲೆ ಚೆಂಡುಹೂವಿನ ಮಾಲೆ, ಮಾಲೆಯ ನಡುವೆ ಜುಟ್ಟಿನ ತೆಂಗಿನಕಾಯಿ.

ಚೇರ್ಮನ್ನರು ಬಂದಿದ್ದರು. ಮೂರನೇ ಮಹಡಿಯ ಕಾಂಟ್ರ್ಯಾಕ್ಟರೂ ಬಂದಿದ್ದರು. ಅವರು ವಿಜಯಪುರದವರು, ಹತ್ತಿರದ ಮಹಾಪೆಯಲ್ಲಿ ಕಟ್ಟಡದ ಕೆಲಸ ಹಿಡಿಯುವವರು, ವಾಚ್‌ಮನ್ ಬಿಟ್ಟರೆ ನನ್ನನ್ನು ಸಾಹೇಬ್ರ ಎಂದು ಕರೆಯುವ ಏಕೈಕ ಮನುಷ್ಯ. ಮುಹೂರ್ತಕ್ಕೆ ತಡವಾಗಬಾರದೆಂದು ಧನಿಗಳು ಮೊದಲೇ ಸಿಲಿಂಡರ್ ತೆರೆದು, ಗ್ರಿಲ್ಲಿನ ಗುಂಡಿಯನ್ನೂ ತಿರುಗಿಸಿ ಇಟ್ಟಿದ್ದರು. ಮುಚ್ಚಳ ಮುಚ್ಚಿತ್ತು, ಮೇಲೆ ಕಾಯಿ ಕೂತಿತ್ತು. ಒಳಗೆ ಸುಂಯ್ ಎಂಬ ಸದ್ದು.

ನಾನು ಮುಚ್ಚಳ ತೆಗೆಯಿರಿ, ಗ್ಯಾಸ್ ಒಳಗೆ ತುಂಬುತ್ತಿದೆ, ಯಾವತ್ತೂ ಮುಚ್ಚಳ ತೆರೆದೇ ಹೊತ್ತಿಸಬೇಕು ಎಂದೆ. ಶುಭಕಾರ್ಯದ ಹೊತ್ತಿಗೆ ಅಂಥ ಮಾತು ಬೇಡವೆಂದು ಅಕ್ಕ ಕಣ್ಣಲ್ಲೇ ಬೇಡಿಕೊಂಡರು. ಚೇರ್ಮನ್ನರು ‘ಕಾಹೀ ಹೋತ್ ನಾಹೀ’ ಎಂದರು. ನಾನು ಹೆಂಡತಿಯ ತೋಳು ಹಿಡಿದು ಟಾಂಕಿಯ ಹಿಂದಕ್ಕೆ ಎಳೆದುಕೊಂಡು ಹೋದೆ. ಅವಳಿಗೆ ಅದು ಬಹಳ ಅವಮಾನವೆನಿಸಿತು.

ಧನಿಗಳು ಕರ್ಪೂರ ಹಚ್ಚಿ ಆರತಿ ಎತ್ತಿದರು. ಮೊದಲ ಸುತ್ತು ಮೇಲಿಂದ ಹೋಯಿತು. ಎರಡನೆಯದು ಗುಂಡಿಗಳ ಹತ್ತಿರ ಇಳಿಯಿತು. ‘ಧಬ್’ ಎಂದಿತು. ಮುಚ್ಚಳ ಹಾರಿ ತೆರೆದುಕೊಂಡಿತು, ಒಂದು ಕ್ಷಣ ನೀಲಿ ಬೆಂಕಿ ಎದ್ದು ಮಾಯವಾಯಿತು, ತೆಂಗಿನಕಾಯಿ ಆಕಾಶಕ್ಕೆ ಹೋಗಿ ಬಂದು ಸರಿಯಾಗಿ ಚೇರ್ಮನ್ನರ ಕಾಲ ಬುಡದಲ್ಲಿ ಎರಡು ಹೋಳಾಯಿತು.

ನಾನು ಓಡಿಹೋಗಿ ಸಿಲಿಂಡರ್ ಬಂದ್ ಮಾಡಿದೆ. ಧನಿಗಳು ಆರತಿ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದರು. ಚರ್ಮಕ್ಕೆ ಏನೂ ಆಗಿರಲಿಲ್ಲ, ಆದರೆ ಮುಖದಲ್ಲಿ ಏನೋ ಕಡಿಮೆಯಾಗಿತ್ತು. ಕಾಂಟ್ರ್ಯಾಕ್ಟರು ಹತ್ತಿರ ಹೋಗಿ ದಿಟ್ಟಿಸಿ, ‘ಧನೀರ, ನಿಮ್ಮ ಹುಬ್ಬ ಎಲ್ಲಿ ಹೋದ್ವು’ ಎಂದು ಮೆಲ್ಲಗೆ ಕೇಳಿದರು.

ಚೇರ್ಮನ್ನರು ಬಗ್ಗಿ ಎರಡೂ ಹೋಳುಗಳನ್ನು ಎತ್ತಿಕೊಂಡು, ಕಾಯಿ ಸಮನಾಗಿ ಒಡೆದಿದೆ, ಇದು ಬಹಳ ಶುಭ ಎಂದರು.

ಮಹಾಪೆಯ ಸೀತನಿ

ಶುಭವಾದದ್ದು ಅವರಿಗೆ. ನಮ್ಮನ್ನು ಆಮೇಲೆ ಟೆರೇಸಿಗೆ ಕರೆಯುವುದು ನಿಂತಿತು. ಧನಿಗಳ ಹುಬ್ಬು ಹೋದದ್ದು ಗ್ಯಾಸಿನಿಂದಲ್ಲ, ನನ್ನ ಬಾಯಿಯಿಂದ ಎಂದು ಬಿಲ್ಡಿಂಗಿನಲ್ಲಿ ಮಾತಾಯಿತು. ನಾನು ಹೇಳುವುದರಿಂದಲೇ ಆಗುತ್ತದೆ, ಹೇಳದಿದ್ದರೆ ಆಗುವುದಿಲ್ಲ ಎಂಬುದು ಅವರ ತರ್ಕ. ಬಟ್ಟಲುಗಳ ಓಡಾಟ ಮಾತ್ರ ನಿಲ್ಲಲಿಲ್ಲ. ಪ್ರತಿ ಪಾರ್ಟಿಯ ಮಾರನೇ ದಿನ ಅಕ್ಕ ತಲೆ ತಗ್ಗಿಸಿಕೊಂಡು ಉಳಿದ ಕಬಾಬು ಕೊಟ್ಟು ಹೋಗುತ್ತಿದ್ದರು.

ಅದೇ ಹೊತ್ತಿಗೆ ನನ್ನ ಹೆಂಡತಿಯ ಕಾಯಿಲೆ ಪತ್ತೆಯಾಯಿತು. ಹೊಟ್ಟೆಯ ಕ್ಯಾನ್ಸರ್. ಬೆಳಗಿನ ಲೋಕಲ್ ಹಿಡಿದು ಆಸ್ಪತ್ರೆಗೆ ಹೋಗುವುದು, ಸಂಜೆ ಬಂದು ಮಲಗುವುದು. ಎರಡು ಚಮಚ ಮೊಸರನ್ನ ಇಳಿದರೆ ಅದೇ ದೊಡ್ಡದು. ನಾವು ಟೆರೇಸಿನ ಕೆಳಗೇ ಇರುವುದರಿಂದ ಶನಿವಾರ ಸಂಜೆ ಮೇಲೆ ಕುರ್ಚಿ ಎಳೆಯುವ ಸದ್ದು ನೇರ ನಮ್ಮ ಹಾಸಿಗೆಗೆ ಬರುತ್ತಿತ್ತು. ಅವಳು ಮಲಗಿದಲ್ಲೇ ಸೀಲಿಂಗ್ ನೋಡುತ್ತ, ಇದು ಅಕ್ಕನ ನಗು, ಇದು ಚೇರ್ಮನ್ನರದು, ಈಗ ಯಾರೋ ಏನೋ ಬೀಳಿಸಿದರು ಎಂದು ಹೇಳುತ್ತಿದ್ದಳು. ಅವಳಿಗೆ ಬೇಕಾದದ್ದು ಮೀನೂ ಅಲ್ಲ, ಕಬಾಬೂ ಅಲ್ಲ. ನಾಲ್ಕು ಜನರ ನಡುವೆ ಒಂದು ಕುರ್ಚಿ. ಅದು ನನ್ನಿಂದಾಗಿ ಹೋಯಿತೆಂದು ಅವಳು ಒಮ್ಮೆಯೂ ಹೇಳಲಿಲ್ಲ, ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಕಾಂಟ್ರ್ಯಾಕ್ಟರಿಗೆ ಇಂಥದ್ದೆಲ್ಲ ಹೇಳದೆಯೇ ತಿಳಿಯುತ್ತಿತ್ತು. ಚಳಿಗಾಲದಲ್ಲಿ ಊರಿಂದ ರಾತ್ರಿ ಬಸ್ಸಿಗೆ ಎಳೆಜೋಳದ ತೆನೆ ತರಿಸಿ, ಮಹಾಪೆಯ ತಮ್ಮ ಸೈಟಿನಲ್ಲಿ ಸೀತನಿ ಇಟ್ಟುಕೊಂಡು ನಮ್ಮಿಬ್ಬರನ್ನೂ ಕರೆದರು. ಹಸಿ ತೆನೆಯನ್ನು ಸೆಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಕೈಯಲ್ಲಿ ತಿಕ್ಕಿ ಕಾಳು ಉದುರಿಸಿ, ಶೇಂಗಾ ಚಟ್ನಿ ಬೆಲ್ಲದ ಜೊತೆ ತಿನ್ನುವುದು. ಅವರ ಕೆಲಸಗಾರರೆಲ್ಲ ಕಲಬುರಗಿ, ರಾಯಚೂರಿನವರು. ತೆನೆಯ ವಾಸನೆಗೇ ಅವರ ಮುಖಗಳು ಬದಲಾಗಿದ್ದವು.

ಊರಲ್ಲಾದರೆ ಹೊಲದ ಮಣ್ಣಿನಲ್ಲಿ ಗುಂಡಿ ತೋಡುತ್ತಾರೆ. ಮಹಾಪೆಯಲ್ಲಿ ಮಣ್ಣು ಎಲ್ಲಿದೆ? ಹೊಸದಾಗಿ ಕಾಂಕ್ರೀಟ್ ಹಾಕಿದ ನೆಲ ಚೊಕ್ಕಟವಾಗಿದೆಯೆಂದು ಅದರ ಮೇಲೆಯೇ ಕುಳ್ಳು, ಇದ್ದಿಲು ಒಟ್ಟಿ ಬೆಂಕಿ ಹಾಕಿದರು. ಹಸಿ ಕಾಂಕ್ರೀಟಿನೊಳಗೆ ನೀರಿರುತ್ತದೆ, ಕಾದರೆ ಆವಿಯಾಗಿ ಸಿಡಿಯುತ್ತದೆ, ಮೇಲೆ ತಗಡು ಹಾಸಿ ಮಣ್ಣು ಸುರಿಯಿರಿ ಎಂದು ನಾನು ಶುರುಮಾಡಿದೆ. ಅಲ್ಲಿಂದ ಇದ್ದಿಲಿಗೆ ಹೋದೆ, ಇದ್ದಿಲಿನಿಂದ ಸಿಂಥೆಟಿಕ್ ಸೀರೆಗೆ ಹೋದೆ. ಕಾಂಟ್ರ್ಯಾಕ್ಟರು ವಿನಯದಿಂದ ‘ಏನೂ ಆಗಂಗಿಲ್ರಿ ಸಾಹೇಬ್ರ, ಕಾಂಕ್ರೀಟ ನಮ್ಮ ಹೊಟ್ಟಿಪಾಡು’ ಎಂದರು.

ಮೊದಲ ತೆನೆ ಸುಡುವ ಹೊತ್ತಿಗೆ ‘ಫಟ್’ ಎಂದಿತು. ಆಮೇಲೆ ಒಂದರ ಹಿಂದೆ ಒಂದು ಫಟ್ ಫಟ್ ಫಟಾರ್. ಸಿಮೆಂಟ್ ಚೂರುಗಳು ಕೆಂಡದ ಜೊತೆ ಎಲ್ಲ ದಿಕ್ಕಿಗೂ ಹಾರಿದವು. ಕಾರ್ಖಾನೆಗಳ ನಡುವೆ ಬದುಕುವ ಜನಕ್ಕೆ ಸದ್ದು ಕೇಳಿದರೆ ಮೊದಲು ಓಟ, ಆಮೇಲೆ ವಿಚಾರ. ಕೆಲಸಗಾರರೆಲ್ಲ ಗೇಟಿನಾಚೆ ಹೋದರು. ಪಕ್ಕದ ಆಫೀಸಿನವರೂ ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡೇ ಓಡಿ ಬಂದು ಅವರ ಜೊತೆ ನಿಂತರು. ಅವರಿಗೆ ಯಾತಕ್ಕೆ ಓಡುತ್ತಿದ್ದೇವೆಂದೇ ಗೊತ್ತಿರಲಿಲ್ಲ. ನಾನು ಹೆಂಡತಿಯನ್ನು ದೂರ ಕೂರಿಸಿದ್ದು ಒಳ್ಳೆಯದಾಯಿತು. ಸೈಟಿನ ಮರಳು ಎಳೆದು ಹಾಕಿ ಬೆಂಕಿ ಆರಿಸಿದೆ.

ನೆಲದಲ್ಲಿ ಒಂದು ದೊಡ್ಡ ಹಳ್ಳವಾಗಿತ್ತು. ಕಾಂಟ್ರ್ಯಾಕ್ಟರು ಅದರ ಅಂಚಿನಲ್ಲಿ ಕೂತು ಬಹಳ ಹೊತ್ತು ನೋಡಿದರು. ಅವರ ಮುಖ ನೋಡಿ ನನಗೇ ಸಂಕಟವಾಯಿತು. ಆಮೇಲೆ ಎದ್ದು ಬಂದು, ‘ಸಾಹೇಬ್ರ, ಒಂದು ಮಾತು. ಈ ಕಡೀದು ನಾ ಹಾಕಿದ್ದಲ್ರಿ. ನಂದು ಆ ಕಡೀದು’ ಎಂದರು.

ಎಷ್ಟು ಶಬ್ದ

ಸೀತನಿಯಿಂದ ಬರುವಾಗ ರಿಕ್ಷಾದಲ್ಲಿ ಅವಳು ಕೈಯಲ್ಲಿ ಆ ಮೊದಲ ತೆನೆಯ ಒಂದು ಹಿಡಿ ಕಾಳು ಹಿಡಿದುಕೊಂಡಿದ್ದಳು. ತಿನ್ನಲಾಗುತ್ತಿರಲಿಲ್ಲ, ಆಗಾಗ ಮೂಸುತ್ತಿದ್ದಳು. ಮನೆಗೆ ಬಂದ ಮೇಲೆ ಅಕ್ಕ ಬಂದರು. ಅವರ ಮದುವೆಯ ವಾರ್ಷಿಕೋತ್ಸವ, ಟೆರೇಸಿನಲ್ಲಿ ಊಟ, ಇಬ್ಬರೂ ಬರಬೇಕು. ಧನಿಗಳು ಒಪ್ಪಿದ್ದಾರೆ, ಆದರೆ… ಎಂದು ನಿಲ್ಲಿಸಿ ನನ್ನ ಬಾಯಿಯನ್ನು ನೋಡಿದರು.

ಅವರು ಹೋದ ಮೇಲೆ ನನ್ನ ಹೆಂಡತಿ ನನ್ನ ಕೈ ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡಳು. ತಲೆಯಲ್ಲಿ ಕೂದಲು ಉಳಿದಿರಲಿಲ್ಲ, ಸ್ಕಾರ್ಫ್ ಇತ್ತು. ‘ಇನ್ನು ಯಾವ ಪಾರ್ಟಿಯಲ್ಲೂ ಬಾಯಿ ಬಿಡುವುದಿಲ್ಲ ಅಂತ ಆಣೆ ಮಾಡಿ’ ಎಂದಳು. ಬೆಂಕಿ ಹೊತ್ತಿದರೆ ಎಂದು ಕೇಳಿದೆ. ಹೊತ್ತಿದರೂ ಇಲ್ಲ ಎಂದಳು. ಆಣೆ ಮಾಡಿದೆ. ಬೇರೆ ಏನನ್ನೂ ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ, ನಾನೂ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಆ ಸಂಜೆ ಅವಳು ರೇಷ್ಮೆ ಸೀರೆ ಉಟ್ಟು ಟೆರೇಸಿನಲ್ಲಿ ನನ್ನ ಹೆಗಲಿಗೆ ಒರಗಿ ಕೂತಳು. ನನ್ನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲವಾದ್ದರಿಂದ, ಏಳದಂತೆ ನನ್ನ ಎಡಗೈಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಗ್ಯಾಸಿನಲ್ಲಿ ಪನೀರ್, ಸಿಗಡಿಯಲ್ಲಿ ಕೋಳಿ. ಕೆಂಡದಲ್ಲಿ ಬೆಂದ ರುಚಿ ಗ್ಯಾಸಿಗೆ ಬರುವುದಿಲ್ಲವೆಂದು ಧನಿಗಳು ಹಳೆಯ ಸಿಗಡಿಯನ್ನೂ ಹತ್ತಿಸಿದ್ದರು. ಊಟ ಶುರುವಾಗುವ ಮುನ್ನ ಸಿಗಡಿಯ ಬೂದಿಯನ್ನು ಯಾರೋ ಬಳಿದು ಸೊಸೈಟಿಯ ನೀಲಿ ಪ್ಲಾಸ್ಟಿಕ್ ಕಸದ ಡಬ್ಬಿಗೆ ಸುರಿದರು. ಬೂದಿ ಮೇಲೆ ತಣ್ಣಗೆ ಕಂಡರೂ ಒಳಗೆ ಕೆಂಡ ಎಷ್ಟು ಹೊತ್ತಾದರೂ ಇರುತ್ತದೆ. ಸ್ವಲ್ಪ ಹೊತ್ತಿಗೆ ಡಬ್ಬಿಯ ಒಂದು ಪಕ್ಕ ಮೆತ್ತಗಾಯಿತು.

ನಾನು ಬಾಯಿ ಬಿಡುವಂತಿಲ್ಲ. ಏಳುವಂತಿಲ್ಲ. ಉಳಿದದ್ದು ಬಲಗೈ. ಡಬ್ಬಿಯ ಕಡೆ ಬೆರಳು ತೋರಿಸಿ, ಬೆರಳುಗಳನ್ನು ಮೇಲಕ್ಕೆ ಕುಣಿಸಿ ಬೆಂಕಿ ಮಾಡಿ ತೋರಿಸಿದೆ.

ಧನಿಗಳ ಮಗಳು ಮೊದಲು ಗಮನಿಸಿದಳು. ಇಲ್ಲೇ ಹುಟ್ಟಿ ಬೆಳೆದು ಕೆಲಸಕ್ಕೆ ಹೋಗುವ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಅವಳು ಖುಷಿಯಿಂದ ಎಲ್ಲರನ್ನೂ ಕರೆದು, ‘ಅಂಕಲ್ ಗೇಮ್ ಖೇಲ್ ರಹೇ ಹೈಂ’ ಎಂದಳು. ಮಾತಾಡದೆ ಅಭಿನಯಿಸಿ ಸಿನಿಮಾ ಹೆಸರು ಹೇಳಿಸುವ ಆಟ. ನಾನು, ಯಾವತ್ತೂ ನಗದ ಮನುಷ್ಯ, ಆಟವಾಡುತ್ತಿದ್ದೇನೆಂದು ಎಲ್ಲರೂ ತಟ್ಟೆ ಹಿಡಿದುಕೊಂಡು ನನ್ನ ಸುತ್ತ ನೆರೆದರು. ಹಾಗೆ ನೆರೆದದ್ದರಿಂದ ಎಲ್ಲರ ಬೆನ್ನೂ ಡಬ್ಬಿಯ ಕಡೆಗಾಯಿತು.

ಎಷ್ಟು ಶಬ್ದ ಎಂದು ಕೇಳಿದರು. ನಾನು ಬೆಂಕಿಯನ್ನೇ ಮತ್ತೆ ಕುಣಿಸಿದೆ. ಚೇರ್ಮನ್ನರು ಹಾವು ಎಂದರು. ಅಕ್ಕ ಭೂತದ ಕೋಲ ಎಂದರು. ನಾನು ಬಕೆಟ್ಟಿನಿಂದ ನೀರು ಸುರಿಯುವಂತೆ ತೋರಿಸಿದೆ. ಧನಿಗಳು ಅಭಿಷೇಕ ಎಂದರು. ನಾನು ಕತ್ತು ಅಲ್ಲಾಡಿಸಿ, ಬೇಗ ಬೇಗ ಎಂದು ಕೈ ಬೀಸಿ ಬಾಗಿಲಿನ ಕಡೆ ತೋರಿಸಿದೆ. ಕಾಂಟ್ರ್ಯಾಕ್ಟರು ಕಳವಳದಿಂದ ಬಗ್ಗಿ ನನ್ನ ಕಿವಿಯ ಹತ್ತಿರ, ‘ಪಾಯಖಾನಿಗೆ ಹೋಗೂದೈತೇನ್ರಿ ಸಾಹೇಬ್ರ’ ಎಂದರು.

ನನ್ನ ಹೆಂಡತಿ ಕಣ್ಣು ಮುಚ್ಚಿ ಒರಗಿದ್ದವಳು ಗಲಾಟೆಗೆ ಕಣ್ಣು ತೆರೆದಳು. ನನ್ನ ಬೆರಳು ಹಿಡಿದ ದಾರಿಯಲ್ಲೇ ನೋಡಿದಳು. ಆತುರವಿಲ್ಲದೆ, ‘ಡಬ್ಬಿ ಕರಗ್ತಾ ಉಂಟು’ ಎಂದಳು.

ನಾನು ಜೋರಾಗಿ ತಲೆಯಾಡಿಸಿದೆ. ಸರಿಯಾದ ಉತ್ತರವೆಂದು ಎಲ್ಲರೂ ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ತಿರುಗಿ ನೋಡಿದರು. ಡಬ್ಬಿ ಮೊಣಕಾಲೂರಿ ಕೂತಿತ್ತು, ಅದರ ತಲೆಯ ಮೇಲೆ ಸಣ್ಣ ಬೆಂಕಿ. ಅವಳು ಕೈ ಬಿಟ್ಟಳು, ನಾನು ಓಡಿ ಬಕೆಟ್ ನೀರು ಸುರಿದೆ. ವಾಪಸು ಬಂದರೆ ಅವಳು ನಗುತ್ತಿದ್ದಳು. ಸ್ಕಾರ್ಫ್ ಜಾರಿದರೂ ಲಕ್ಷ್ಯವಿಲ್ಲದೆ, ಹೊಟ್ಟೆ ಹಿಡಿದುಕೊಂಡು, ನೋವಿಗೂ ನಗುವಿಗೂ ಕಣ್ಣಲ್ಲಿ ನೀರು ಬರುವಂತೆ. ಅಕ್ಕ ಅವಳನ್ನು ಅಪ್ಪಿಕೊಂಡು ತಾವೂ ನಗುತ್ತಿದ್ದರು. ಅಷ್ಟು ನಕ್ಕದ್ದನ್ನು ನಾನು ಆಮೇಲೆ ನೋಡಲಿಲ್ಲ.

ಮನೆಗೆ ಬಂದು ಮಲಗಿಸಿ ದೀಪ ಆರಿಸುವಾಗ ಹೇಳಿದಳು, ‘ಬಾಯಿ ಮುಚ್ಚಿದರೆ ನೀವು ಇಷ್ಟು ಒಳ್ಳೆ ಜನ ಅಂತ ಗೊತ್ತಿದ್ದಿದ್ದರೆ, ಧಾರೆ ಎರೆಯುವಾಗಲೇ ಆಣೆ ಹಾಕಿಸ್ತಿದ್ದೆ.’

ಸುಮ್ಮನೆ ಒಂದು ಪಾರ್ಟಿ

ಅವಳು ಮಳೆಗಾಲ ಶುರುವಾಗುವ ಮುಂಚೆ ಹೋದಳು. ಕೊನೆಯ ವಾರಗಳಲ್ಲಿ ನಾನು ಔಷಧಿಗೆ, ಊಟಕ್ಕೆ ಎಂದು ಹೊರಗೆ ಹೋದಾಗ ಆಸ್ಪತ್ರೆಯಲ್ಲಿ ಅಕ್ಕ ಕೂತಿರುತ್ತಿದ್ದರು.

ಒಬ್ಬನೇ ಇರುವ ಮನೆಯಲ್ಲಿ ಬೆಂಕಿಯ ಭಯ ಕಡಿಮೆ. ಒಂದು ಲೋಟ ಚಹಾ, ಒಂದು ಸಣ್ಣ ಕುಕ್ಕರ್ ಅನ್ನ. ಯಾರಿಗೆ ಎಚ್ಚರಿಕೆ ಹೇಳುವುದು? ದಿನವಿಡೀ ಬಾಯಿ ಬಿಡದೆ ಕಳೆದುಹೋಗುತ್ತಿತ್ತು. ಟೆರೇಸಿನಲ್ಲೂ ಕುರ್ಚಿಗಳ ಸದ್ದಿರಲಿಲ್ಲ. ವರ್ಷಾಂತಿಕ ಆಗುವ ತನಕ ಸಿಗಡಿ ಹತ್ತಿಸುವುದಿಲ್ಲವೆಂದು ಅವರೇ ನಿಶ್ಚಯಿಸಿದ್ದರಂತೆ. ಕೆಲವು ಸಂಜೆ ನಾನೊಬ್ಬನೇ ಮೇಲೆ ಹೋಗಿ, ಡಬ್ಬಿ ಕರಗಿ ಅಂಟಿಕೊಂಡ ನೀಲಿ ಕಲೆಯ ಹತ್ತಿರ ನಿಂತು ಬರುತ್ತಿದ್ದೆ. ಸೊಸೈಟಿಯವರು ಅದನ್ನು ಕೆರೆಸಲು ನೋಡಿದಾಗ ಬೇಡವೆಂದು ಕೈಸನ್ನೆ ಮಾಡಿದೆ, ಬಿಟ್ಟರು.

ವರ್ಷಾಂತಿಕ ಮುಗಿದು ಮಳೆಯೂ ಕಳೆದ ಮೇಲೆ ಒಂದು ಶನಿವಾರ ಧನಿಗಳು ತಾವೇ ಬಂದು ಕರೆದರು. ಹೋಗುವ ಮನಸ್ಸಿರಲಿಲ್ಲ, ಹೋಗದೆ ಮನೆಯಲ್ಲಿ ಕೂತು ಕುರ್ಚಿಗಳ ಸದ್ದು ಕೇಳುವ ಧೈರ್ಯವೂ ಇರಲಿಲ್ಲ. ಆಣೆ ಹಾಗೇ ಇತ್ತು. ಹಾಕಿಸಿದವಳು ಬಿಡಿಸದೆ ಹೋಗಿದ್ದಳು, ಇನ್ನು ಬಿಡಿಸುವವರು ಯಾರು? ಬಾಯಿ ಮುಚ್ಚಿಕೊಂಡು ಮೇಲೆ ಹೋದೆ.

ಟೆರೇಸ್ ನೋಡಿ ನಿಂತುಬಿಟ್ಟೆ. ಹಗ್ಗದ ಮೇಲೆ ಒಣಹಾಕುವ ಸೀರೆಗಳಿಲ್ಲ. ಸಿಗಡಿ ಇಟ್ಟಿಗೆಗಳ ಮೇಲೆ, ಗೋಡೆಯಿಂದ ದೂರ. ಸಿಲಿಂಡರ್ ನೆಟ್ಟಗೆ ನಿಂತಿದೆ, ಗ್ರಿಲ್ಲಿನಿಂದ ಪೈಪು ಚಾಚುವಷ್ಟು ಆಚೆ. ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು, ಬೂದಿಗೆ ಕಬ್ಬಿಣದ ಡಬ್ಬ. ಕಾಂಟ್ರ್ಯಾಕ್ಟರು ಕೂತು ಗ್ಯಾಸ್ ಪೈಪಿನ ಕೀಲಿಗೆ ಸೋಪಿನ ನೀರು ಸವರಿ ಗುಳ್ಳೆ ಬರುತ್ತದೆಯೇ ಎಂದು ನೋಡುತ್ತಿದ್ದರು. ಧನಿಗಳು ನೈಲಾನ್ ಶರ್ಟ್ ಬಿಟ್ಟು ಹತ್ತಿಯದು ಹಾಕಿದ್ದರು. ಗ್ರಿಲ್ಲಿನ ಮುಚ್ಚಳ ಪೂರ್ತಿ ತೆರೆದು, ಹೊತ್ತಿಸುವ ಮುನ್ನ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಹೊತ್ತಿಸಿದರು. ಏನೂ ಆಗಲಿಲ್ಲ.

ನಾನು ಬಾಯಿಬಿಟ್ಟು ಹೇಳುತ್ತಿದ್ದಾಗ ಒಬ್ಬರೂ ಮಾಡದ್ದನ್ನು ಈಗ ಎಲ್ಲರೂ ಮಾಡಿದ್ದರು. ಇವರು ಹೇಗೂ ಮಾತಾಡುವುದಿಲ್ಲ, ಅವರ ಬೆರಳು ನೋಡಿ ಅರ್ಥ ಹೇಳುವವರೂ ಈಗ ಇಲ್ಲ, ಆದ್ದರಿಂದ ನಾವೇ ಎಚ್ಚರವಿರಬೇಕು ಎಂದು ಅಕ್ಕ ಎಲ್ಲರಿಗೂ ತಾಕೀತು ಮಾಡಿದ್ದರಂತೆ. ನನಗೆ ಅದನ್ನು ಕಂಡು ಸಂತೋಷವಾಗಬೇಕಿತ್ತು. ಆಗಲಿಲ್ಲ. ಬೈಯುವುದಕ್ಕೆ ಒಂದೂ ಕಾರಣ ಉಳಿಯದ ಜಾಗದಲ್ಲಿ ನನ್ನಂಥವನು ಕೂತು ಏನು ಮಾಡುವುದು? ಪಕ್ಕದಲ್ಲಿ ಒಂದು ಕುರ್ಚಿ ಖಾಲಿ ಬಿಟ್ಟಿದ್ದರು. ಎಡಗೈ ಎಲ್ಲಿಡಬೇಕೆಂದು ತಿಳಿಯದೆ ಅದರ ಮೇಲಿಟ್ಟೆ.

ಊಟವಾಯಿತು. ತಟ್ಟೆಗಳನ್ನು ತೆಗೆದರು. ಅಕ್ಕ ಬಂದು ಆ ಖಾಲಿ ಕುರ್ಚಿಯಲ್ಲಿ ಕೂತು, ಸೆರಗಿನಲ್ಲಿ ಕೈ ಒರೆಸಿಕೊಂಡರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು. ಆಸ್ಪತ್ರೆಯಲ್ಲಿ ಅವಳು ಒಂದು ಕೆಲಸ ಒಪ್ಪಿಸಿದ್ದಳಂತೆ. ‘ಅಕ್ಕ, ನಾನು ಹೋದ ಮೇಲೆ ಅವರು ಆಣೆ ಇಟ್ಟುಕೊಂಡು ಮೂಕರ ಹಾಗೆ ಕೂತುಬಿಡ್ತಾರೆ. ಬಿಟ್ಟಿದ್ದಾಳೆ ಅಂತ ನೀವು ಹೇಳಿ. ಆದರೆ ಕೂಡಲೇ ಹೇಳಬೇಡಿ. ನಿಮಗೆಲ್ಲ ಒಂದು ಪಾರ್ಟಿಯಾದರೂ ಅವರ ಗಲಾಟೆ ಇಲ್ಲದೆ ಆಗಲಿ.’

ಅಕ್ಕ ಕಣ್ಣೊರೆಸಿಕೊಂಡು, ‘ಈಗ ಆಯ್ತು. ಇನ್ನು ಮಾತಾಡಿ ಮಾರಾಯ್ರೆ’ ಎಂದರು.

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಧನಿಗಳು, ಮತ್ತೆ ಬೆಳೆದ ಹುಬ್ಬುಗಳ ಕೆಳಗೆ ಕಣ್ಣು ತುಂಬಿಕೊಂಡು. ಕಾಂಟ್ರ್ಯಾಕ್ಟರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು. ಅವಳ ಬಗ್ಗೆ ಏನಾದರೂ ಹೇಳುತ್ತೇನೆಂದು ಕಾದಿದ್ದರು, ನಾನೂ ಹಾಗೆಯೇ ಅಂದುಕೊಂಡು ಬಾಯಿ ತೆರೆದೆ.

‘ಆ ಸಿಗಡಿಯ ಕೆಂಡಕ್ಕೆ ಯಾರಾದರೂ ನೀರು ಹಾಕಿದಿರಾ?’ ಎಂದೆ.

ಯಾರೂ ಹಾಕಿರಲಿಲ್ಲ.